ಅಳದ ಕೂಸಿಗೆ ಹಾಲು

(ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಅನ್ನುತ್ತೇವೆ. ತಾಲ್ಲೂಕು ಕಚೇರಿಯಲ್ಲಿ ಕಡತ ಸರಿಯಬೇಕಾದರೆ, ಓಣಿಯ ನಲ್ಲಿಗೆ ನೀರು ಬರಬೇಕಾದರೆ ಆ ಮಾತು ಸರಿ. ಹುಟ್ಟಿ ಮೂರು ನಾಲ್ಕು ದಿನದ ಕೂಸಿನ ಮಟ್ಟಿಗೆ ಅದು ಅಪಾಯದ ಮಾತು. ಮೈ ಅರಿಶಿನ ಬಣ್ಣಕ್ಕೆ ತಿರುಗಿ ಸದಾ ನಿದ್ದೆಗಣ್ಣಿನಲ್ಲಿರುವ ಕೂಸು ಹಸಿವಾದರೂ ಅಳುವುದಿಲ್ಲ. ಅಳುವಷ್ಟು ಎಚ್ಚರವೇ ಅದಕ್ಕಿರುವುದಿಲ್ಲ.

ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ವಿಜಯನಗರದ ಇತಿಹಾಸ ಎಂದು ರೂಢಿ. ಸಂಘಟಕರು ಬಾಣಂತನದ ಬಗ್ಗೆ ಮಾತಾಡಿ ಎಂದರು. ಮಕ್ಕಳ ವೈದ್ಯನಾಗಿ ನಾನು ಆ ವಿಷಯವನ್ನು ಮೊದಲ ಒಂದು ವಾರಕ್ಕೆ, ಅದರಲ್ಲೂ ಸಣ್ಣ ಕಾಮಾಲೆಯಿರುವ, ಮಲಗಿಯೇ ಇರುವ ಕೂಸಿಗೆ ಹಾಲು ಕುಡಿಸುವ ಕೆಲಸಕ್ಕೆ ಇಳಿಸಿಕೊಂಡಿದ್ದೇನೆ. ವಿಷಯ ಚಿಕ್ಕದಾಯಿತು ಅನ್ನಿಸಬಹುದು. ದಿನ ತುಂಬಿ ಹುಟ್ಟಿದ ನೂರು ಕೂಸುಗಳಲ್ಲಿ ಸುಮಾರು 60ಕ್ಕೆ, ದಿನ ತುಂಬದೆ ಹುಟ್ಟಿದವುಗಳಲ್ಲಿ ಸುಮಾರು 80ಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಹಳದಿ ಬರುತ್ತದೆ. ಅಂದರೆ ಈ ಸಭೆಯಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದಾನೊಂದು ಕಾಲಕ್ಕೆ ಹಳದಿಯಾಗಿದ್ದವರೇ.

ನಮ್ಮ ಕಡೆ ಕಾಮಾಲೆ, ಕಾಮಣಿ ಎಂದರೆ ಮೊದಲು ನೆನಪಾಗುವುದು ದೊಡ್ಡವರಿಗೆ ಬರುವ ರೋಗ. ಕೆಟ್ಟ ನೀರು ಕುಡಿದು, ಲಿವರಿಗೆ ಸೋಂಕು ತಗುಲಿ ಬರುವಂಥದ್ದು. ಅದಕ್ಕೆ ಪಥ್ಯ, ನಾಟಿ ಔಷಧ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅರೆದ ಸೊಪ್ಪು. ಕೂಸಿನ ಕಾಮಾಲೆಗೂ ಇದಕ್ಕೂ ಬಣ್ಣವೊಂದು ಬಿಟ್ಟರೆ ಸಂಬಂಧ ಬಹಳ ಕಡಿಮೆ. ಹೊಟ್ಟೆಯೊಳಗಿರುವಾಗ ಕೂಸಿಗೆ ಶ್ವಾಸಕೋಶದ ಕೆಲಸವಿಲ್ಲ. ತಾಯಿಯ ರಕ್ತದಿಂದ ಆಮ್ಲಜನಕ ಎಳೆದುಕೊಳ್ಳಬೇಕಾದ್ದರಿಂದ ಕೆಂಪು ಕಣಗಳು ದಂಡಿಯಾಗಿರುತ್ತವೆ. ಹುಟ್ಟುವಾಗ ಹಿಮೋಗ್ಲೋಬಿನ್ ಸುಮಾರು 17 ಇರುವುದುಂಟು. ಅಷ್ಟಿರುವ ಬಾಣಂತಿಯನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ! ನಮ್ಮ ಕೆಂಪು ಕಣ 120 ದಿನ ಬಾಳಿದರೆ ಕೂಸಿನದು 80-90 ದಿನ. ಹುಟ್ಟಿದ ಮೇಲೆ ಹೆಚ್ಚುವರಿ ಕಣಗಳು ಒಡೆಯುತ್ತವೆ, ಒಡೆದದ್ದರಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಕರಗುವಂತೆ ಮಾಡಿ ಕರುಳಿಗೆ ಸಾಗಿಸಬೇಕಾದ ಲಿವರಿನ ಕಿಣ್ವ ಮೊದಲ ದಿನಗಳಲ್ಲಿ ಇನ್ನೂ ಪೂರ್ತಿ ಕೆಲಸಕ್ಕೆ ಇಳಿದಿರುವುದಿಲ್ಲ. ಮೂರರಿಂದ ಐದನೇ ದಿನದ ಹೊತ್ತಿಗೆ ಹಳದಿ ಏರಿ, ಎರಡು ವಾರದೊಳಗೆ ಇಳಿಯುತ್ತದೆ.

ಇಲ್ಲಿಯವರೆಗೆ ಇದು ರೋಗವೇ ಅಲ್ಲ. ತೊಡಕು ಶುರುವಾಗುವುದು ಕರುಳಿನಲ್ಲಿ. ಲಿವರು ಕಷ್ಟಪಟ್ಟು ಕರುಳಿಗೆ ಕಳಿಸಿದ ಬಿಲಿರುಬಿನ್ ಮಲದ ಜತೆ ಹೊರಗೆ ಹೋಗಬೇಕು. ಮೊದಲ ದಿನ ಕೂಸು ಹೋಗುವ ಆ ಡಾಂಬರಿನಂಥ ಕಪ್ಪು ಮಲದಲ್ಲೇ ಬೇಕಾದಷ್ಟು ಬಿಲಿರುಬಿನ್ ತುಂಬಿರುತ್ತದೆ. ಹಾಲು ಹೊಟ್ಟೆಗೆ ಬಿದ್ದರೆ ಕರುಳು ಸರಿದಾಡುತ್ತದೆ, ಮಲ ಹೊರಗೆ ಬರುತ್ತದೆ. ಹಾಲಿಲ್ಲದಿದ್ದರೆ ಮಲ ಒಳಗೇ ನಿಲ್ಲುತ್ತದೆ, ಬಿಲಿರುಬಿನ್ ಮತ್ತೆ ರಕ್ತಕ್ಕೆ ಹಿಂದಿರುಗುತ್ತದೆ. ಹಳದಿ ಏರಿದಷ್ಟೂ ಕೂಸಿಗೆ ಮಂಪರು. ಮಂಪರು ಹೆಚ್ಚಿದಷ್ಟೂ ಹಾಲು ಕಡಿಮೆ. ಹಾಲು ಕಡಿಮೆಯಾದಷ್ಟೂ ಹಳದಿ. ಈ ಸುತ್ತನ್ನು ಮನೆಯವರ ಕೈಯಲ್ಲಿ ಕಡಿಯುವ ಜಾಗ ಒಂದೇ, ಹಾಲು. 1982ರಲ್ಲಿ ಡಿ ಕಾರ್ವಾಲೋ ಮತ್ತು ಸಂಗಡಿಗರು ಮೊದಲ ಮೂರು ದಿನ ದಿನಕ್ಕೆ ಎಂಟಕ್ಕಿಂತ ಹೆಚ್ಚು ಬಾರಿ ಎದೆಹಾಲು ಕುಡಿದ ಕೂಸುಗಳನ್ನೂ ಅದಕ್ಕಿಂತ ಕಡಿಮೆ ಕುಡಿದವುಗಳನ್ನೂ ಹೋಲಿಸಿ ನೋಡಿದರು. ಹೆಚ್ಚು ಬಾರಿ ಕುಡಿದವುಗಳ ಬಿಲಿರುಬಿನ್ ಎದ್ದು ಕಾಣುವಷ್ಟು ಕಡಿಮೆ ಇತ್ತು. ನಾವೀಗ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿ ಎಂದು ಹೇಳುವುದರ ಹಿಂದೆ ಇಂಥ ಕೆಲಸಗಳಿವೆ.

ಈಗ ನಮ್ಮ ಊರಿನ ಲೆಕ್ಕ ನೋಡೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾದರೆ ತಾಯಿಯನ್ನು 48 ಗಂಟೆ ಇರಿಸಿಕೊಳ್ಳಬೇಕು ಎಂದು ನಿಯಮ. ಮೂರನೇ ದಿನ ನಗು-ಮಗು ವಾಹನದಲ್ಲಿ ಬಾಣಂತಿ ತವರಿಗೆ ಹೊರಡುತ್ತಾಳೆ, ಸಿರುಗುಪ್ಪದ ಕಡೆಗೋ ಕುರುಗೋಡಿನ ಕಡೆಗೋ. ಹಳದಿ ಏರುವುದು ಮೂರರಿಂದ ಐದನೇ ದಿನ. ಅಂದರೆ ಡಾಕ್ಟರು, ನರ್ಸು ಎಲ್ಲ ಇರುವಾಗ ಕೂಸು ಕೆಂಪಗೆ ಇರುತ್ತದೆ. ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಹಳದಿಯಾಗುತ್ತದೆ. ಆಶಾ ಕಾರ್ಯಕರ್ತೆ ಮೂರನೇ ದಿನ ಮತ್ತು ಏಳನೇ ದಿನ ಮನೆಗೆ ಬರಬೇಕೆಂದು 2011ರಲ್ಲಿ ಶುರುವಾದ ನವಜಾತ ಶಿಶುವಿನ ಗೃಹ ಆರೈಕೆ ಕಾರ್ಯಕ್ರಮದಲ್ಲಿದೆ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಗಡಚಿರೋಲಿಯ ಹಳ್ಳಿಗಳಲ್ಲಿ ಮಾಡಿ ತೋರಿಸಿದ ಕೆಲಸದ ಫಲ ಅದು. ಒಳ್ಳೆಯ ಕಾರ್ಯಕ್ರಮ. ಆದರೆ ನಾಲ್ಕು, ಐದು, ಆರನೇ ದಿನ ಕೂಸನ್ನು ನೋಡುವವರು ಮನೆಯವರು ಮಾತ್ರ. ಅದಕ್ಕೇ ಈ ಮಾತನ್ನು ವೈದ್ಯರ ಸಮ್ಮೇಳನದಲ್ಲಿ ಆಡುವ ಬದಲು ಇಲ್ಲಿ ಆಡುತ್ತಿದ್ದೇನೆ.

ಮನೆಯಲ್ಲಿ ಹಳದಿ ಕಾಣುತ್ತದೆಯೇ? ಬಾಣಂತಿ ಕೋಣೆಗೆ ಗಾಳಿ ಬೀಳಬಾರದೆಂದು ಕಿಟಕಿ ಮುಚ್ಚಿ ಪರದೆ ಬಿಟ್ಟಿರುತ್ತಾರೆ. ಕೂಸಿಗೆ ಎಣ್ಣೆ ಅರಿಶಿನ ಹಚ್ಚಿ ಎರೆದಿರುತ್ತಾರೆ. ಅರಿಶಿನ ಮೆತ್ತಿದ ಮೈಮೇಲೆ ಅರಿಶಿನ ಕಾಮಾಲೆಯನ್ನು ಹುಡುಕುವುದು ಹೇಗೆ? ನಮ್ಮ ಮೈಬಣ್ಣದ ಕೂಸುಗಳಲ್ಲಿ ಅದು ಮೊದಲೇ ಕಷ್ಟ. ಆ ಒಂದು ವಾರ ಅರಿಶಿನ ಬಿಡಿ. ಹಗಲು ಹೊತ್ತಿನಲ್ಲಿ ಕೂಸನ್ನು ಕಿಟಕಿ ಬೆಳಕಿಗೆ ತನ್ನಿ. ಮೂಗಿನ ತುದಿ, ಹಣೆ, ಎದೆಮೂಳೆಯ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ, ಒತ್ತಿದ ಜಾಗದ ಬಣ್ಣ ನೋಡಿ. ಒಸಡು, ಕಣ್ಣಿನ ಬಿಳಿಭಾಗ ನೋಡಿ. ಹಳದಿ ಮುಖದಿಂದ ಶುರುವಾಗಿ ಎದೆ, ಹೊಟ್ಟೆ, ತೊಡೆಗೆ ಇಳಿಯುತ್ತದೆ. ಅಂಗೈ, ಅಂಗಾಲು ಹಳದಿಯಾದರೆ ಅದು ಸಣ್ಣ ಕಾಮಾಲೆಯಲ್ಲ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಹುಟ್ಟಿದ 24 ಗಂಟೆಯೊಳಗೆ ಎಲ್ಲಿ ಹಳದಿ ಕಂಡರೂ ಅಷ್ಟೇ. ಕಣ್ಣಳತೆಯಿಂದ ಪ್ರಮಾಣ ಹೇಳಲು ನಮಗೂ ಆಗುವುದಿಲ್ಲ. ಅನುಮಾನ ಬಂದರೆ ರಕ್ತ ಪರೀಕ್ಷೆಯೇ ಗತಿ. ಅದರಲ್ಲಿ ಬರುವ ಸಂಖ್ಯೆಯೊಂದನ್ನೇ ಹಿಡಿದುಕೊಂಡು ಹೆದರಬಾರದು, ನಿಶ್ಚಿಂತೆಯಾಗಿಯೂ ಇರಬಾರದು. ನಾಲ್ಕನೇ ದಿನ 10 ಬಂದರೆ ಅದು ದಿನನಿತ್ಯದ ಸಂಗತಿ. ಹುಟ್ಟಿ ಇಪ್ಪತ್ತು ಗಂಟೆಗೆ ಅದೇ 10 ಬಂದರೆ ನಾವು ಓಡಾಡಬೇಕಾಗುತ್ತದೆ.

ಸಣ್ಣ ಕಾಮಾಲೆ ಎಂದು ವೈದ್ಯರು ನೋಡಿ ಹೇಳಿದರು, ಮನೆಗೆ ಕಳಿಸಿದರು ಎಂದಿಟ್ಟುಕೊಳ್ಳಿ. ಮನೆಯ ಹಿರಿಯರು ಬಹಳ ಮೆಚ್ಚುಗೆಯಿಂದ ಹೇಳುವ ಮಾತೊಂದಿದೆ: "ಕೂಸು ಭಾಳ ಶಾಣ್ಯಾ ಐತಿ ಡಾಕ್ಟ್ರೆ, ರಾತ್ರಿಯೆಲ್ಲ ಮಕ್ಕಂಡಿರ್ತೈತಿ, ಒಂದೀಟೂ ಅಳಲ್ಲ." ಈ ಶಾಣ್ಯಾತನ ಕೇಳಿದ ಕೂಡಲೇ ನಾನು ತೂಕ ಮಾಡುವ ತಕ್ಕಡಿಯ ಕಡೆ ನೋಡುತ್ತೇನೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಏಳು ಭಾಗ ದಾಟಿತು ಎಂದರೆ ಹಾಲಿನ ವಿಚಾರ ನೋಡಬೇಕು, ಹತ್ತು ದಾಟಿದರೆ ಚಿಂತಿಸಬೇಕು. ಮೂರು ಕಿಲೋ ಇದ್ದ ಕೂಸು 2 ಕಿಲೋ 700 ಗ್ರಾಂಗೆ ಬಂದು ನಿಂತಿದ್ದರೆ ಅದು ಶಾಣ್ಯಾ ಅಲ್ಲ, ಬಸವಳಿದಿದೆ.

ಹಾಗಾಗಿ ಈ ಒಂದು ವಾರ ಅಳುವಿನ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕ ಹಿಡಿಯಬೇಕು. ಕುಡಿಸಲು ಶುರು ಮಾಡಿದ ಹೊತ್ತಿನಿಂದ ಎರಡು-ಎರಡೂವರೆ ಗಂಟೆ. ರಾತ್ರಿಯೂ ಮೂರು ಗಂಟೆ ದಾಟಬಾರದು. ಮಲಗಿದ ಕೂಸನ್ನು ಎಬ್ಬಿಸಬಾರದು ಎಂಬ ಮಾತು ತೂಕ ಕಟ್ಟಿಕೊಂಡ ಮೂರು ತಿಂಗಳ ಕೂಸಿಗೆ ಇರಲಿ.

ಎಬ್ಬಿಸುವುದು ಹೇಗೆ? ಮೊದಲು ಸುತ್ತಿದ್ದನ್ನು ಬಿಚ್ಚಿ. ಏಪ್ರಿಲ್-ಮೇ ತಿಂಗಳಲ್ಲಿ, ಹೊರಗೆ 40 ಡಿಗ್ರಿ ಬಿಸಿಲಿರುವಾಗಲೂ ನಮ್ಮಲ್ಲಿ ಕುಲಾವಿ, ಕಾಲುಚೀಲ, ಉಣ್ಣೆಯ ಶಾಲು ಹಾಕಿ ಕಟ್ಟಿಟ್ಟ ಕೂಸುಗಳನ್ನು ನೋಡುತ್ತೇನೆ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಾವೇ ನಗುತ್ತೇವೆ, ಕೂಸಿನ ಬಟ್ಟೆ ಮಾತ್ರ ಶಿಮ್ಲಾದ್ದು. ಸೆಕೆಗೆ ದೊಡ್ಡವರಿಗೇ ತೂಕಡಿಕೆ ಬರುತ್ತದೆ, ಕೂಸಿಗೆ ಬಾರದೆ ಇರುತ್ತದೆಯೇ? ಬಟ್ಟೆ ಬಿಚ್ಚಿ ಬರೀ ಲಂಗೋಟಿಯಲ್ಲಿ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಇಬ್ಬರ ಮೇಲೂ ತೆಳು ಸೀರೆ ಹೊದಿಸಿ. ಸ್ವಲ್ಪ ಹೊತ್ತಿಗೆ ಅದೇ ಬಾಯಿ ಆಡಿಸತೊಡಗುತ್ತದೆ. ಆಗದಿದ್ದರೆ ಒದ್ದೆ ಅರಿವೆ ಬದಲಿಸಿ, ಬೆನ್ನು ಸವರಿ, ಅಂಗಾಲು ಉಜ್ಜಿ, ತಲೆ ಕುತ್ತಿಗೆಗೆ ಆಸರೆ ಕೊಟ್ಟು ಕೂರಿಸಿ ಮಾತಾಡಿಸಿ. ಒದ್ದೆ ಬಟ್ಟೆಯಿಂದ ಮುಖ ಒರೆಸಿ. ನಾಲ್ಕು ಹನಿ ಹಾಲು ಹಿಂಡಿ ತುಟಿಗೆ ಸವರಿ. ಕೆನ್ನೆ ಹಿಂಡುವುದು, ಕಿವಿ ತಿರುಚುವುದು, ತಣ್ಣೀರು ಎರಚುವುದು ಬೇಡ.

ಬಾಯಿ ಹಾಕಿತು, ನಾಲ್ಕು ಸಲ ಚೀಪಿತು, ಮತ್ತೆ ನಿದ್ದೆಗೆ ಜಾರಿತು. ಎಲ್ಲರೂ ಸೋಲುವುದು ಇಲ್ಲೇ. ಅರ್ಧ ಗಂಟೆ ಎದೆಗೆ ಹಚ್ಚಿಕೊಂಡು ಕೂತಿದ್ದೆ ಎಂದು ತಾಯಿ ಹೇಳುತ್ತಾಳೆ, ಅವಳು ಹೇಳುವುದು ನಿಜ. ಆದರೆ ಕೂತದ್ದು ಬೇರೆ, ಕುಡಿದದ್ದು ಬೇರೆ. ಗಂಟಲು ನೋಡಿ: ನುಂಗಿದರೆ ಗದ್ದ ಕೆಳಗಿಳಿದು ಒಂದು ಕ್ಷಣ ನಿಲ್ಲುತ್ತದೆ, ಸಣ್ಣ ಸದ್ದು ಕೇಳುತ್ತದೆ. ನುಂಗುವುದು ನಿಂತ ಕೂಡಲೇ ತಾಯಿ ತನ್ನ ಎದೆಯನ್ನು ಅಂಗೈಯಿಂದ ಮೆಲ್ಲಗೆ ಅದುಮಿದರೆ ಹಾಲು ಬಾಯಿಗೆ ಚಿಮ್ಮುತ್ತದೆ, ಕೂಸು ಮತ್ತೆ ನುಂಗುತ್ತದೆ. ಅದಕ್ಕೂ ಜಗ್ಗದಿದ್ದರೆ ತೇಗಿಸಿ ಇನ್ನೊಂದು ಬದಿಗೆ ಹಚ್ಚಿ.

ಆಮೇಲೂ ಸಾಲದು ಅನ್ನಿಸಿದರೆ ಕೈಯಿಂದ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿ. ನಮ್ಮ ಅಜ್ಜಿಯರ ಕಾಲದ ಈ ಒಳಲೆಯನ್ನು ದೊಡ್ಡ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳು ಪಾಲಾಡೈ ಎಂಬ ತಮಿಳು ಹೆಸರಿನಲ್ಲಿ ವಾಪಸು ತಂದುಕೊಂಡಿವೆ. ಮನೆಯ ಅಟ್ಟದ ಮೇಲೆ ಬೆಳ್ಳಿಯದೋ ಹಿತ್ತಾಳೆಯದೋ ಇದ್ದೀತು. ಕುದಿಸಿ ತೊಳೆಯಲು ಬರುವ ಸ್ಟೀಲಿನದು ಒಳ್ಳೆಯದು. ಕೂಸಿನ ತಲೆ ಎತ್ತರದಲ್ಲಿರಲಿ, ಎಚ್ಚರವಿರಲಿ, ಬಾಯಿಯ ಪಕ್ಕದಿಂದ ಒಂದೊಂದೇ ಗುಟುಕು. ನುಂಗಿದ ಮೇಲೆ ಮುಂದಿನದು. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಹೊಯ್ಯುವ ಪದ್ಧತಿ ಕೆಲವು ಮನೆಗಳಲ್ಲಿದೆ. ನಿದ್ದೆಗಣ್ಣಿನ ಕೂಸಿಗೆ ಹಾಗೆ ಮಾಡಿದರೆ ಹಾಲು ಶ್ವಾಸಕೋಶ ಸೇರುತ್ತದೆ. ಏನು ಮಾಡಿದರೂ ಏಳದ ಕೂಸಿನ ಬಾಯಿಗೆ ಏನನ್ನೂ ಹೊಯ್ಯಬಾರದು, ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಬೇಕು. ಇನ್ನು ನಮ್ಮ ಸೆಕೆಯಲ್ಲಿ ಹಿಂಡಿದ ಹಾಲನ್ನು ಹೊರಗಿಟ್ಟು ಕಾಯಿಸುವುದು ಬೇಡ, ಹಿಂಡಿದ ತಕ್ಷಣ ಕುಡಿಸಿ.

ಎಷ್ಟು ಹಾಲು? ಮೊದಲ ದಿನ ಒಂದು ಸಲಕ್ಕೆ 2ರಿಂದ 10 ಮಿಲಿ ಸಾಕು, ಒಂದೆರಡು ಚಮಚೆ. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60. ಹಾಲೇ ಬಂದಿಲ್ಲ ಎಂದು ಮೊದಲ ದಿನ ಡಬ್ಬಿ ಹಾಲು ತರಲು ಓಡುವವರು ಈ ಅಂಕಿ ನೆನಪಿಡಬೇಕು. ಆ ದಿನ ಬರುವುದು ಮಂದವಾದ ಹಳದಿ ಹಾಲು, ಚಮಚೆಗಟ್ಟಲೆ ಮಾತ್ರ. ಕೂಸಿನ ಮಲವನ್ನು ಜಾಡಿಸುವ ಗುಣ ಇರುವುದೂ ಅದಕ್ಕೇ. ಎಮ್ಮೆ ಈದರೆ ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಓಣಿಗೆಲ್ಲ ಹಂಚುವ ನಾವು ಹೆತ್ತವಳ ಆ ಹಾಲನ್ನು ಕೆಟ್ಟ ಹಾಲೆಂದು ಗೋಡೆಗೆ ಹಿಂಡಿಸುತ್ತ ಬಂದಿದ್ದೇವೆ! ಇದರ ಬೇರು ಹಳೆಯದು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲೇ ತಾಯಿಗೆ ಹಾಲು ಇಳಿಯುವುದು ಮೂರು ನಾಲ್ಕು ರಾತ್ರಿ ಕಳೆದ ಮೇಲೆ, ಅಲ್ಲಿಯವರೆಗೆ ಜೇನು-ತುಪ್ಪ ಎಂಬರ್ಥದ ವಿಧಾನವಿದೆ. ಹಾಲು ಇಳಿಯುವ ದಿನದ ಬಗ್ಗೆ ಆ ವೈದ್ಯರ ಕಣ್ಣು ಚುರುಕಾಗಿಯೇ ಇತ್ತು. ಅದಕ್ಕೆ ಮೊದಲಿನ ಚಮಚೆ ಹಾಲಿನ ಬೆಲೆ ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ, ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೆಯಲ್ಲಾದರೂ ಹುಟ್ಟಿದ ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು 41.8 ಮಾತ್ರ. ಇದರಲ್ಲಿ ಅಜ್ಜಿಯರ ಪಾಲಿಗಿಂತ ನಮ್ಮ ಆಸ್ಪತ್ರೆಗಳ ಪಾಲು ದೊಡ್ಡದು ಎಂದು ನಾನು ತಿಳಿದಿದ್ದೇನೆ.

ಕಾಮಾಲೆ ಇದ್ದರೆ ಹೊಟ್ಟೆ ತಂಪಾಗಲಿ ಎಂದು ಕೊಡುವ ಗ್ಲೂಕೋಸ್ ನೀರು, ಸಕ್ಕರೆ ನೀರು, ಕತ್ತೆ ಮುಂದೆ ಬಿಟ್ಟುಕೊಂಡು ಮನೆ ಬಾಗಿಲಿಗೆ ಬರುವವರ ಹತ್ತಿರ ಕೊಳ್ಳುವ ಹಸಿ ಹಾಲು, ಇವೆಲ್ಲ ಪುಟ್ಟ ಹೊಟ್ಟೆಯ ಜಾಗ ಹಿಡಿಯುತ್ತವೆ, ಅಷ್ಟೇ. ಬಿಲಿರುಬಿನ್ ನೀರಿನಲ್ಲಿ ಕರಗುವ ವಸ್ತುವಲ್ಲ, ನೀರು ಕುಡಿಸಿದರೆ ಮೂತ್ರದಲ್ಲಿ ಹೋಗಿಬಿಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾಮಾಲೆಗೆಂದು ಹೊಟ್ಟೆಯ ಮೇಲೆ ಬರೆ ಎಳೆಸುವುದರ ಬಗ್ಗೆ ವಾದವೇ ಬೇಡ, ಅದು ಹಿಂಸೆ. ನೀರು ಬೇಕಾದದ್ದು ಬಾಣಂತಿಗೆ. ಅವಳಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆಂದು ಲೋಟ ಎಣಿಸಿ ಕೊಡುವ ಮನೆಗಳು ಈ ಪೇಟೆಯಲ್ಲೂ ಇವೆ. ಬಳ್ಳಾರಿ ಬಿಸಿಲಲ್ಲಿ! ಇನ್ನೊಂದು ಮಾತು: ಹೊಸ ಕೂಸಿಗೆ ಹಳೆಯ ಬಟ್ಟೆ ಹಾಕಬೇಕೆಂದು ಟ್ರಂಕಿನಿಂದ ತೆಗೆಯುತ್ತೇವಲ್ಲ, ಅದರಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಆ ಬಟ್ಟೆ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸಿಗೆ ನ್ಯಾಫ್ತಲೀನಿನ ವಾಸನೆಯೇ ಕೆಂಪು ಕಣ ಒಡೆಯಲು ಸಾಕು.

ಬಿಸಿಲಿನ ಮಾತು ಬಂತು. ಕಾಮಾಲೆಗೆ ಎಳೆಬಿಸಿಲು ತೋರಿಸಿ ಎಂದು ಯಾರಾದರೂ ಹೇಳಿರುತ್ತಾರೆ. ಇದರ ಕಥೆ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಎಸೆಕ್ಸ್‌ನ ರಾಕ್‌ಫರ್ಡ್ ಆಸ್ಪತ್ರೆಯಲ್ಲಿ ದಿನ ತುಂಬದ ಕೂಸುಗಳ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ವಾರ್ಡ್. ವಾರ್ಡಿನ ಬಿಸಿ ಗಾಳಿಗಿಂತ ಹೊರಗಿನ ಗಾಳಿ ಬಿಸಿಲು ಒಳ್ಳೆಯದೆಂಬುದು ಅವರ ನಂಬಿಕೆ. ಬಿಸಿಲಿದ್ದ ದಿನ ಕೂಸುಗಳನ್ನು ಅಂಗಳಕ್ಕೆ ತರುತ್ತಿದ್ದರು. 1956ರಲ್ಲಿ ಒಂದು ದಿನ ಆಸ್ಪತ್ರೆಯ ಡಾಕ್ಟರ್ ಡಾಬ್ಸ್ ರೌಂಡ್ಸಿಗೆ ಬಂದಾಗ ಒಂದು ಕೂಸಿನ ಬಟ್ಟೆ ಸರಿಸಿ ತೋರಿಸಿದರು. ಮೈಯೆಲ್ಲ ಬಿಳಿಚಿತ್ತು, ಒಂದು ತ್ರಿಕೋನ ಮಾತ್ರ ಹಳದಿ. ಇದೇನು, ಅಯೋಡಿನ್ ಬಳಿದಿರಾ ಎಂದು ಡಾಕ್ಟರು ಕೇಳಿದರಂತೆ. ಹೊದಿಕೆಯ ಮೂಲೆ ಬಿದ್ದು ಬಿಸಿಲು ತಾಗದೆ ಉಳಿದ ಜಾಗ ಅದು. ಆಮೇಲೆ ಕಿಟಕಿಯ ಬಳಿ ಬಿಸಿಲಲ್ಲಿ ಉಳಿದುಹೋದ ರಕ್ತದ ಮಾದರಿಯಲ್ಲಿ ಬಿಲಿರುಬಿನ್ ಇಳಿದದ್ದೂ ಕಂಡಿತು. ಕ್ರೆಮರ್, ಪೆರಿಮನ್, ರಿಚರ್ಡ್ಸ್ ಎಂಬವರು ನೀಲಿ ಬೆಳಕಿನ ಯಂತ್ರ ಮಾಡಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಂದು ನಮ್ಮ ವಿಮ್ಸ್‌ನಲ್ಲಿ, ಅಂದರೆ ಈಗಿನ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರದಲ್ಲಿ, ಕೂಸನ್ನು ಲೈಟಿಗೆ ಇಟ್ಟಿದ್ದಾರೆ ಎನ್ನುತ್ತೀರಲ್ಲ, ಆ ಲೈಟಿನ ವಂಶ ಅಲ್ಲಿಂದ ಶುರು. ಬಿಲಿರುಬಿನ್ನಿನ ಆಕಾರವನ್ನೇ ಬದಲಿಸಿ, ಲಿವರಿನ ಆ ಕಿಣ್ವದ ಹಂಗಿಲ್ಲದೆ ಹೊರಹೋಗುವಂತೆ ಮಾಡುವುದು ನೀಲಿ ಬೆಳಕು.

ಹಾಗಾದರೆ ಅಂಗಳದ ಬಿಸಿಲೇ ಸಾಲದೆ? ನೈಜೀರಿಯಾದ ಲಾಗೋಸ್‌ನಲ್ಲಿ ಯಂತ್ರಕ್ಕೆ ಬದಲಾಗಿ ಬಿಸಿಲನ್ನು ಬಳಸಿ ನೋಡಿದ್ದಾರೆ, 2015ರಲ್ಲಿ ಫಲಿತಾಂಶ ಪ್ರಕಟವಾಯಿತು, ಚೆನ್ನಾಗಿಯೇ ಇತ್ತು. ಆದರೆ ಅವರು ಶಾಖವನ್ನೂ ಸುಡುವ ಕಿರಣವನ್ನೂ ತಡೆಯುವ ಹಾಳೆಯ ಚಪ್ಪರ ಕಟ್ಟಿ, ಕೂಸಿನ ಮೈಬಿಸಿಯನ್ನು ಮತ್ತೆ ಮತ್ತೆ ಅಳೆಯುತ್ತ, ಗಂಟೆಗಟ್ಟಲೆ ಇರಿಸಿದ್ದರು. ನಾವು ಬೆಳಿಗ್ಗೆ ಹತ್ತು ನಿಮಿಷ ಮಾಳಿಗೆಯ ಮೇಲೆ ಹಿಡಿದು ಬಿಸಿಲು ತೋರಿಸಿದೆವು ಎಂದು ಸಮಾಧಾನಪಟ್ಟರೆ, ಪರೀಕ್ಷೆ ಮಾಡಿಸುವುದು ಒಂದು ದಿನ ಮುಂದೆ ಹೋಗುತ್ತದೆ. ಅದೇ ನಷ್ಟ. ಬೇಸಿಗೆಯಲ್ಲಾದರೆ ಕೂಸಿನ ಮೈಯ ನೀರೂ ಆರುತ್ತದೆ.

ಆ ಕಥೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಯಂತ್ರವಲ್ಲ, ಬಟ್ಟೆ ಸರಿಸಿ ನೋಡಿದ ನರ್ಸು. ದಿನಾ ಕೂಸನ್ನು ಮುಟ್ಟುವವರಿಗೆ ಕಂಡದ್ದು ದೊಡ್ಡ ಡಾಕ್ಟರಿಗೆ ಕಂಡಿರಲಿಲ್ಲ. ನಮ್ಮ ಮನೆಗಳಲ್ಲೂ ಅಂಥವರೊಬ್ಬರಿದ್ದಾರೆ, ಕೂಸಿನ ಅರಿವೆ ಒಗೆಯುವವರು. ಸಾಮಾನ್ಯವಾಗಿ ಬಾಣಂತಿಯ ಅವ್ವ. ಚಿಕಿತ್ಸಾಲಯಕ್ಕೆ ಬಂದಾಗ ಮಾತಾಡುವವರು ಗಂಡಸರು, ಅವ್ವ ಬಾಗಿಲ ಹತ್ತಿರ ನಿಂತಿರುತ್ತಾಳೆ. ನನಗೆ ಬೇಕಾದ ಮಾಹಿತಿ ಇರುವುದು ಅವಳ ಹತ್ತಿರ. ಮೊದಲ ದಿನ ಒಂದು ಒದ್ದೆ ಅರಿವೆ, ಎರಡನೇ ದಿನ ಎರಡು, ಮೂರಕ್ಕೆ ಮೂರು. ಐದನೇ ದಿನದಿಂದ ಆರಕ್ಕೆ ಕಡಿಮೆ ಇರಬಾರದು. ಮಲ ಕಪ್ಪಿನಿಂದ ಹಸಿರಿಗೆ, ನಾಲ್ಕೈದನೇ ದಿನಕ್ಕೆ ಸಾಸಿವೆ ಹಳದಿಗೆ ತಿರುಗಿ ದಿನಕ್ಕೆ ಮೂರು ನಾಲ್ಕು ಸಲ ಆಗಬೇಕು. ಐದನೇ ದಿನವೂ ಮಲ ಕಪ್ಪಾಗಿದ್ದರೆ, ಮೂರನೇ ದಿನದ ಮೇಲೂ ಅರಿವೆಯ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಕಲೆ ಬೀಳುತ್ತಿದ್ದರೆ ಹಾಲು ಸಾಲುತ್ತಿಲ್ಲ ಎಂದರ್ಥ. ಡೈಪರ್ ಹಾಕುವ ಮನೆಗಳಲ್ಲಿ ಈ ಲೆಕ್ಕ ಸಿಕ್ಕುವುದೇ ಕಷ್ಟ. ಮೊದಲ ವಾರವಾದರೂ ಹಳೆ ಸೀರೆಯ ಅರಿವೆಯೇ ಇರಲಿ ಎನ್ನುತ್ತೇನೆ.

ಗಡಿಯಾರ ನೋಡುವ ಕೆಲಸ ಯಾರದು? ತಾಯಿಯದಲ್ಲ. ಹೊಟ್ಟೆ ಕೊಯ್ದು ಹೊಲಿಗೆ ಹಾಕಿಸಿಕೊಂಡವಳಿಗೆ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಏಳು ಎನ್ನುವುದು ನ್ಯಾಯವಲ್ಲ. ಈ ಊರಿನಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಆರ್ಡರಿನ ದಿನ ಗಂಡ ನಡುರಾತ್ರಿಯವರೆಗೆ ಮಷಿನ್ನಿನ ಮುಂದೆಯೇ ಎಚ್ಚರವಿರುತ್ತಾನೆ. ಅವನು ಎದ್ದು ಬಂದು, ಕೂಸಿನ ಬಟ್ಟೆ ಬಿಚ್ಚಿ, ಎಬ್ಬಿಸಿ, ಅವಳ ಕೈಗೆ ಕೊಟ್ಟು, ಕುಡಿದಾದ ಮೇಲೆ ತೇಗಿಸಿ ಮಲಗಿಸಬಹುದು. ತವರಿನಲ್ಲಿ ಬಾಣಂತನವಾದ್ದರಿಂದ ಅಳಿಯನಿಗೆ ಆ ಕೋಣೆಗೆ ಪ್ರವೇಶವೇ ಇಲ್ಲ ಎಂದರೆ ಬಾಣಂತಿಯ ಅಪ್ಪನಿದ್ದಾನೆ, ತಮ್ಮನಿದ್ದಾನೆ. ಮೊಬೈಲು ಎಲ್ಲರ ಕೈಯಲ್ಲೂ ಇದೆ.

ಕರೆದುಕೊಂಡು ಹೊರಡಬೇಕಾದ ಸಂದರ್ಭ ಕೆಲವು ಹೇಳಿದೆ. ಅದರ ಜತೆ ಇವನ್ನೂ ಸೇರಿಸಿ: ಎರಡು ಸರದಿ ಹಾಲು ಕುಡಿಯದಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಮೈ ಬಿಲ್ಲಿನಂತೆ ಹಿಂದಕ್ಕೆ ಸೆಟೆದರೆ ಅಥವಾ ತೀರ ಜೋಲು ಬಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ. ಬಿಲಿರುಬಿನ್ ಮಿತಿಮೀರಿ ಮೆದುಳಿಗೆ ಇಳಿದರೆ ಬದುಕಿ ಉಳಿದ ಕೂಸಿಗೂ ಕಿವುಡು, ಕೈಕಾಲು ಸ್ವಾಧೀನ ತಪ್ಪುವ ಕಾಯಿಲೆ ಉಳಿಯುತ್ತದೆ. ತಾಯಿ ಓ ಗುಂಪಿನವಳೋ ನೆಗೆಟಿವ್ ರಕ್ತದವಳೋ ಆಗಿದ್ದರೆ, ಕೂಸು 37 ವಾರಕ್ಕೆ ಮೊದಲು ಹುಟ್ಟಿದ್ದರೆ, ಹಿಂದಿನ ಕೂಸನ್ನು ಲೈಟಿಗೆ ಇಟ್ಟಿದ್ದರೆ ಕಾಯುತ್ತ ಕೂರಬೇಡಿ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ದಾರಿಯಲ್ಲೂ ಕುಡಿಸುತ್ತ ಬನ್ನಿ, ತಾಯಿಯನ್ನು ಮನೆಯಲ್ಲಿ ಬಿಟ್ಟು ಕೂಸನ್ನಷ್ಟೇ ತರಬೇಡಿ, ತಾಯಿ ಕಾರ್ಡನ್ನು ಮರೆಯಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕೂಸಿನ ಚಿಕಿತ್ಸೆಗೂ ವಾಹನಕ್ಕೂ ಹಣ ಕೊಡಬೇಕಿಲ್ಲ. ಲೈಟಿಗೆ ಇಟ್ಟಾಗ ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರೆ, ನೋಡಿ ಎದೆ ಧಸಕ್ಕೆಂದೀತು. ಹಾಲಿನ ಹೊತ್ತಿಗೆ ಹೊರಗೆ ತೆಗೆದು ಪಟ್ಟಿ ಬಿಚ್ಚಿ ಎದೆಗೆ ಹಚ್ಚಬಹುದು. ಹಚ್ಚಬೇಕು ಕೂಡ. ಅಲ್ಲಿಯೂ ಎರಡು-ಮೂರು ಗಂಟೆಯ ಲೆಕ್ಕ ತಪ್ಪದು.

ಮಾತಿನ ನಡುವೆ ಒಂದು ಚೀಟಿ ಬಂದಿದೆ: ಮೂರು ವಾರವಾದರೂ ಹಳದಿ ಹೋಗಿಲ್ಲ, ಕೂಸು ಚೆನ್ನಾಗಿ ಕುಡಿಯುತ್ತದೆ, ತೂಕವೂ ಏರಿದೆ, ಎದೆಹಾಲು ನಿಲ್ಲಿಸಿ ನೋಡಿ ಎಂದು ಯಾರೋ ಹೇಳಿದ್ದಾರೆ, ಏನು ಮಾಡಬೇಕು? ನಿಲ್ಲಿಸಬೇಡಿ. ಎದೆಹಾಲು ಕುಡಿದು ದುಂಡಗಾಗುತ್ತಿರುವ ಕೆಲವು ಕೂಸುಗಳಲ್ಲಿ ತೆಳು ಹಳದಿ ಎರಡು ಮೂರು ತಿಂಗಳವರೆಗೂ ಉಳಿಯುವುದುಂಟು, ಅದರಿಂದ ತೊಂದರೆಯಿಲ್ಲ. ಆದರೆ ಎರಡು ವಾರ ದಾಟಿದ ಯಾವ ಹಳದಿಯನ್ನೂ ಪರೀಕ್ಷೆ ಮಾಡಿಸದೆ ಹೀಗೆಂದು ತೀರ್ಮಾನಿಸಬಾರದು. ಪಿತ್ತನಾಳವೇ ಮುಚ್ಚಿಹೋದ ಕೂಸೂ ಮೊದಲ ವಾರಗಳಲ್ಲಿ ಹೀಗೇ ನಗುನಗುತ್ತ ಇರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆ ಆಗಬೇಕಾದದ್ದು ಅರವತ್ತು ದಿನದೊಳಗೆ. ಬಿಲಿರುಬಿನ್ನಿನ ಎರಡು ಬಗೆಯನ್ನೂ ಬೇರೆ ಬೇರೆಯಾಗಿ ಅಳೆಯುವ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು ಇವತ್ತು ಮನೆಗೆ ಹೋದ ಕೂಡಲೇ ಅರಿವೆ ನೋಡಿ. ಮಲ ಸುಣ್ಣದಂತೆ ಬೆಳ್ಳಗಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹತ್ತಿಸುತ್ತಿದ್ದರೆ ಆ ಅರಿವೆಯನ್ನು ಒಗೆಯದೆ ಹಾಗೇ ಕಟ್ಟಿಕೊಂಡು ನಾಳೆ ಬೆಳಿಗ್ಗೆ ಕೂಸಿನ ಜತೆ ಆಸ್ಪತ್ರೆಗೆ ತನ್ನಿ.